ಸಾರಥಿಯಿಲ್ಲದ ರಥವೂ ಬೀದಿಯ ದಾರಿಹೋಕನೂ

ಪೇಟೆಯ ಬೀದಿಯನ್ನು ದಾಟಲು ಅಂಚಿನಲ್ಲಿ ನಿಂತ ಮನುಷ್ಯನು ಬಾಯಿ ತೆರೆದು ಒಂದು ಮಾತನ್ನೂ ಆಡುವುದಿಲ್ಲ. ಬರುತ್ತಿರುವ ಮೋಟಾರಿನ ಚಾಲಕನೂ ಆಡುವುದಿಲ್ಲ. ಆದರೂ ಅವರಿಬ್ಬರ ನಡುವೆ ಎರಡು ಮೂರು ಸೆಕೆಂಡುಗಳಲ್ಲಿ ಒಂದು ಸಂಭಾಷಣೆಯೇ ನಡೆದುಹೋಗುತ್ತದೆ. ಇವನು ಒಂದು ಹೆಜ್ಜೆ ಮುಂದಿಡುತ್ತಾನೆ, ಅದು ಪ್ರಶ್ನೆ. ಅವನು ವೇಗವನ್ನು ತಗ್ಗಿಸುತ್ತಾನೆ, ಅದು ಉತ್ತರ. ಇವನು ಅಂಗೈಯನ್ನು ಎತ್ತಿ ತೋರುತ್ತಾನೆ. ಅದು ಬಿನ್ನಹವೂ ಹೌದು, ಅಪ್ಪಣೆಯೂ ಹೌದು. ಅವನು ತಲೆಯನ್ನು ತುಸು ಆಡಿಸಿ ಒಪ್ಪುತ್ತಾನೆ, ಇಲ್ಲವೆ ಹಾರನ್ನು ಒತ್ತಿ 'ನಿಲ್ಲು, ನಾನು ಮೊದಲು' ಎನ್ನುತ್ತಾನೆ. ಈ ಮೂಕಭಾಷೆಗೆ ವ್ಯಾಕರಣವನ್ನು ಬರೆದವರಿಲ್ಲ. ಇದನ್ನು ಶಾಲೆಯಲ್ಲಿ ಕಲಿಸಿದವರೂ ಇಲ್ಲ. ಆದರೆ ಅದನ್ನು ತಪ್ಪಾಗಿ ಓದಿಕೊಂಡವನು ಪ್ರಾಣವನ್ನೇ ತೆರಬೇಕಾದೀತು.

ಈ ಸಂಭಾಷಣೆಯಿಂದ ಈಗ ಒಬ್ಬ ಪಾತ್ರಧಾರಿ ಮರೆಯಾಗುತ್ತಿದ್ದಾನೆ. ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದ ಸುತ್ತಮುತ್ತ ೨೦೨೦ನೆಯ ಇಸವಿಯ ಅಕ್ಟೋಬರಿನಿಂದ ವೇಮೊ ಸಂಸ್ಥೆಯ ಬಾಡಿಗೆ ಕಾರುಗಳು ಚಾಲಕನಿಲ್ಲದೆಯೇ ಸಾರ್ವಜನಿಕರನ್ನು ಹೊತ್ತು ಓಡಾಡತೊಡಗಿದುವು. ೨೦೨೪ರ ಜೂನಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿಯೂ ಈ ಸೌಕರ್ಯ ಎಲ್ಲರಿಗೂ ತೆರೆಯಿತು. ಚೀನದ ವೂಹಾನ್ ನಗರದಲ್ಲಿ ಬೈದು ಸಂಸ್ಥೆಯ ಇಂತಹ ಕಾರುಗಳಿಗೆ ೨೦೨೨ರಲ್ಲಿಯೇ ಅನುಮತಿ ದೊರೆತಿತ್ತು. ಈ ವಾಹನಗಳಲ್ಲಿ ಚುಕ್ಕಾಣಿಯ ಚಕ್ರ ತಾನಾಗಿಯೇ ತಿರುಗುತ್ತದೆ. ಅದರ ಹಿಂದಿನ ಆಸನ ಬರಿದಾಗಿರುತ್ತದೆ. ಬೀದಿಯ ಅಂಚಿನಲ್ಲಿ ನಿಂತವನು ಯಾರ ಮುಖವನ್ನು ನೋಡಬೇಕು? ಯಾರಿಗೆ ಕೈ ತೋರಬೇಕು? ಯಂತ್ರವು ತನ್ನ ಇಂಗಿತವನ್ನು ಮನುಷ್ಯನಿಗೆ ಹೇಗೆ ತಿಳಿಸಬೇಕು, ಮನುಷ್ಯನ ಇಂಗಿತವನ್ನು ತಾನು ಹೇಗೆ ಅರಿಯಬೇಕು ಎಂಬುದು ಇಂಜಿನಿಯರರನ್ನೂ ಮನಶ್ಶಾಸ್ತ್ರಜ್ಞರನ್ನೂ ಒಟ್ಟಿಗೆ ಕೂಡಿಸಿರುವ ಸಮಸ್ಯೆ.

ಕೆಂಪು ಬಾವುಟದ ಕಾಲ

ಸಮಸ್ಯೆ ಹೊಸದೆಂದು ತೋರಿದರೂ ಅದರ ಬೇರು ಹಳೆಯದು. ಉಗಿಯ ಬಲದಿಂದ ಓಡುವ ಗಾಡಿಗಳು ಇಂಗ್ಲೆಂಡಿನ ರಸ್ತೆಗಳಿಗೆ ಇಳಿದಾಗ ದಾರಿಹೋಕರೂ ಕುದುರೆಗಳೂ ಅವನ್ನು ಕಂಡು ಬೆದರಿದುದುಂಟು. ೧೮೬೫ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ, ಅಂತಹ ಗಾಡಿಯ ಮುಂದೆ ೬೦ ಗಜಗಳಿಗೆ ಕಡಿಮೆಯಿಲ್ಲದ ದೂರದಲ್ಲಿ ಒಬ್ಬ ಆಳು ಕೆಂಪು ಬಾವುಟವನ್ನು ಹಿಡಿದು ನಡೆಯತಕ್ಕದ್ದೆಂದು ವಿಧಿಸಿತು. ಗಾಡಿಯ ವೇಗ ಊರೊಳಗೆ ಗಂಟೆಗೆ ೨ ಮೈಲಿಯನ್ನೂ ಹೊರಗೆ ೪ ಮೈಲಿಯನ್ನೂ ಮೀರುವಂತಿರಲಿಲ್ಲ. ಇಂದು ಈ ಕಟ್ಟಳೆಯನ್ನು ಕೇಳಿದರೆ ನಗು ಬರುವುದು ಸಹಜ. ಆದರೆ ಅದರೊಳಗಿನ ತರ್ಕ ಸರಳವಾದುದು: ಯಂತ್ರವು ಮಾತನಾಡಲಾರದು, ಆದುದರಿಂದ ಅದರ ಪರವಾಗಿ ಒಬ್ಬ ಮನುಷ್ಯನು ಮುಂದೆ ನಡೆದು ಅದರ ಬರವನ್ನು ಸಾರಬೇಕು. ೧೮೭೮ರಲ್ಲಿ ಬಾವುಟದ ಕಡ್ಡಾಯ ತಪ್ಪಿತು. ಮುಂದಾಳಿನ ದೂರವೂ ೨೦ ಗಜಗಳಿಗೆ ಇಳಿಯಿತು. ೧೮೯೬ರಲ್ಲಿ ಹಗುರವಾದ ಮೋಟಾರು ವಾಹನಗಳಿಗೆ ಮುಂದಾಳೇ ಬೇಡವೆಂದಾಯಿತು.

ಅಲ್ಲಿಂದೀಚೆಗೆ ಬೀದಿಯ ಭಾಷೆಗೆ ಒಂದೊಂದಾಗಿ ಹೊಸ ಶಬ್ದಗಳು ಸೇರುತ್ತ ಬಂದುವು. ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ೧೮೬೮ರಲ್ಲಿಯೇ ನೆಟ್ಟಿದ್ದ ಅನಿಲದ ಸಂಕೇತದೀಪ ಮರುತಿಂಗಳೇ ಸಿಡಿದುಹೋಗಿತ್ತು. ೧೯೧೪ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ವಿದ್ಯುತ್ ಸಂಕೇತದೀಪ ಬೆಳಗಿತು. ೧೯೫೧ರಲ್ಲಿ ಬ್ರಿಟನ್ ದೇಶ ಕಪ್ಪು ಬಿಳುಪು ಪಟ್ಟೆಗಳ ದಾಟುದಾರಿಗೆ ಕಾನೂನಿನ ಬೆಂಬಲವನ್ನು ನೀಡಿತು. ವಾಹನದ ಹಿಂದೆ ಬ್ರೇಕಿನ ಕೆಂಪು ದೀಪ, ಪಕ್ಕದಲ್ಲಿ ತಿರುವಿನ ದೀಪ ಬಂದುವು. ಇವೆಲ್ಲವನ್ನೂ ಇಂದು ನಾವು ಯೋಚಿಸದೆಯೇ ಓದಬಲ್ಲೆವು. ಆದರೆ ಈ ಶಬ್ದಗಳನ್ನು ಆಡುತ್ತಿದ್ದವನು, ಅವು ಸಾಲದಾದಾಗ ಕೈಯನ್ನೋ ತಲೆಯನ್ನೋ ಆಡಿಸಿ ಅರ್ಥವನ್ನು ಪೂರೈಸುತ್ತಿದ್ದವನು, ಯಾವಾಗಲೂ ಒಬ್ಬ ಮನುಷ್ಯನೇ ಆಗಿದ್ದನು.

ನೋಡುವ ಯಂತ್ರ

ಮಾತನಾಡುವುದಕ್ಕೆ ಮೊದಲು ಎದುರಿಗಿರುವವನನ್ನು ಕಾಣಬೇಕಷ್ಟೆ. ಚಾಲಕರಹಿತ ವಾಹನಗಳಲ್ಲಿ ಬಹುಪಾಲು ಮೂರು ಬಗೆಯ ಕಣ್ಣುಗಳಿರುತ್ತವೆ. ಮೊದಲನೆಯದು ಕ್ಯಾಮರಾ. ಅದು ಬಣ್ಣವನ್ನೂ ಆಕಾರವನ್ನೂ ಗ್ರಹಿಸುತ್ತದೆ. ಆದರೆ ಕತ್ತಲೆಯಲ್ಲಿಯೂ ಎದುರುಬಿಸಿಲಿನಲ್ಲಿಯೂ ಸೋಲುತ್ತದೆ. ಎರಡನೆಯದು ರೇಡಾರ್. ಅದು ಸುಮಾರು ೪ ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು ಹೊರಸೂಸಿ, ಮರಳಿಬಂದ ಅಲೆಗಳ ಕಂಪನದಲ್ಲಾದ ಬದಲಾವಣೆಯಿಂದ ಎದುರಿನ ವಸ್ತುವಿನ ವೇಗವನ್ನು ಅರಿಯುತ್ತದೆ. ಮಂಜು ಮಳೆಗಳು ಅದನ್ನು ಅಷ್ಟಾಗಿ ಬಾಧಿಸವು. ಮೂರನೆಯದು ಲೈಡಾರ್. ಇದು ಕಣ್ಣಿಗೆ ಕಾಣದ ಲೇಸರ್ ಬೆಳಕಿನ ಮಿಣುಕುಗಳನ್ನು ಸುತ್ತಲೂ ಎರಚಿ, ಅವು ಹಿಂದಿರುಗಲು ಹಿಡಿದ ಕಾಲವನ್ನು ಅಳೆಯುತ್ತದೆ. ಬೆಳಕು ಸೆಕೆಂಡಿಗೆ ೩ ಲಕ್ಷ ಕಿಲೊಮೀಟರ್ ಓಡುವುದಾದುದರಿಂದ, ೩೦ ಮೀಟರ್ ಆಚೆ ನಿಂತ ಮನುಷ್ಯನನ್ನು ಮುಟ್ಟಿ ಮರಳಲು ಅದಕ್ಕೆ ಒಂದು ಸೆಕೆಂಡಿನ ೫೦ ಲಕ್ಷದಲ್ಲೊಂದು ಭಾಗ ಸಾಕು. ಇಷ್ಟು ಅಲ್ಪಕಾಲವನ್ನು ಅಳೆಯಬಲ್ಲ ಸಾಧನವು ಸುತ್ತಣ ಲೋಕವನ್ನು ಚುಕ್ಕೆಗಳ ರಾಶಿಯಾಗಿ ಚಿತ್ರಿಸಿಕೊಡುತ್ತದೆ.

ಚುಕ್ಕೆಗಳನ್ನು ಕಂಡರೆ ಸಾಲದು. ಅವು ಏನೆಂಬುದನ್ನು ಹೆಸರಿಸಬೇಕು. ಅದಕ್ಕಿಂತಲೂ ಕಷ್ಟವಾದುದು, ಮುಂದಿನ ಕ್ಷಣದಲ್ಲಿ ಅದು ಎಲ್ಲಿರುವುದೆಂದು ಊಹಿಸುವುದು. ಕಂಬವು ಇದ್ದಲ್ಲಿಯೇ ಇರುತ್ತದೆ. ಕಂಬದ ಪಕ್ಕದಲ್ಲಿ ನಿಂತ ಬಾಲಕನು ಮುಂದಿನ ಕ್ಷಣದಲ್ಲಿ ಚೆಂಡಿನ ಹಿಂದೆ ಓಡಿಬರಬಹುದು. ಈ ವ್ಯತ್ಯಾಸವನ್ನು ಮನುಷ್ಯನಾದ ಚಾಲಕನು ಅನುಭವದಿಂದ ತಿಳಿದಿರುತ್ತಾನೆ. ಯಂತ್ರಕ್ಕೆ ಇದನ್ನು ಲಕ್ಷಾಂತರ ಚಿತ್ರಗಳನ್ನು ತೋರಿಸಿ ಕಲಿಸಬೇಕಾಗುತ್ತದೆ.

ಈ ಕಲಿಕೆ ಅರೆಯಾದರೆ ಏನಾಗುವುದೆಂಬುದಕ್ಕೆ ೨೦೧೮ರ ಮಾರ್ಚ್ ೧೮ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ನಡೆದ ದುರಂತವೇ ಸಾಕ್ಷಿ. ಊಬರ್ ಸಂಸ್ಥೆಯ ಪರೀಕ್ಷಾ ವಾಹನವೊಂದು, ಸೈಕಲ್ಲನ್ನು ತಳ್ಳಿಕೊಂಡು ರಸ್ತೆಯನ್ನು ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿದು ಅವರು ಅಸುನೀಗಿದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ನಡೆಸಿದ ವಿಚಾರಣೆಯಿಂದ ತಿಳಿದುಬಂದ ಸಂಗತಿ ಗಮನಾರ್ಹವಾದುದು. ಯಂತ್ರವು ಅವರನ್ನು ಕಾಣದಿರಲಿಲ್ಲ, ಬಡಿಯುವುದಕ್ಕೆ ೫.೬ ಸೆಕೆಂಡು ಮೊದಲೇ ಕಂಡಿತ್ತು. ಆದರೆ ಒಮ್ಮೆ ವಾಹನವೆಂದೂ, ಒಮ್ಮೆ ಗುರುತಿಲ್ಲದ ವಸ್ತುವೆಂದೂ, ಒಮ್ಮೆ ಸೈಕಲ್ಲೆಂದೂ ಹೆಸರನ್ನು ಬದಲಿಸುತ್ತ ಹೋಯಿತು. ಹೆಸರು ಬದಲಾದಾಗಲೆಲ್ಲ ಆವರೆಗಿನ ಚಲನೆಯ ಲೆಕ್ಕವನ್ನು ಕೈಬಿಟ್ಟು ಮೊದಲಿನಿಂದ ಎಣಿಸತೊಡಗಿತು. ಪಟ್ಟೆಯ ದಾಟುದಾರಿಯಿಲ್ಲದ ಕಡೆ ಮನುಷ್ಯರು ರಸ್ತೆಯನ್ನು ದಾಟಬಹುದೆಂಬ ಸಾಧ್ಯತೆಯನ್ನೇ ಅದನ್ನು ರಚಿಸಿದವರು ಎಣಿಕೆಗೆ ತಂದಿರಲಿಲ್ಲ. ನಿಗಾ ನೋಡಲೆಂದು ಆಸನದಲ್ಲಿ ಕುಳಿತಿದ್ದ ವ್ಯಕ್ತಿಯ ಗಮನವೂ ರಸ್ತೆಯ ಮೇಲಿರಲಿಲ್ಲ. ಮನುಷ್ಯನನ್ನು ಮನುಷ್ಯನೆಂದು ಅರಿಯದ ಯಂತ್ರಕ್ಕೆ ಎಷ್ಟು ಬಣ್ಣದ ದೀಪಗಳನ್ನು ತೊಡಿಸಿದರೂ ಪ್ರಯೋಜನವಿಲ್ಲ.

ಕಣ್ಣು ಕಣ್ಣು ಕೂಡುವುದೆ?

ಚಾಲಕನಿಲ್ಲದ ಕಾರಿನ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವೆಂದರೆ, ಅದರೊಡನೆ ಕಣ್ಣು ಕೂಡಿಸಲಾಗದು ಎಂಬುದು. ರಸ್ತೆ ದಾಟುವ ಮುನ್ನ ಚಾಲಕನ ಕಣ್ಣನ್ನು ನೋಡಬೇಕೆಂದು ಮಕ್ಕಳಿಗೆ ಹೇಳಿಕೊಡುವವರೂ ಉಂಟು. ಆದರೆ ನಾವು ನಿಜವಾಗಿಯೂ ಆ ಕಣ್ಣನ್ನು ಕಾಣುತ್ತೇವೆಯೆ? ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೯ರಲ್ಲಿ ಇದನ್ನು ಪರೀಕ್ಷಿಸಿದರು. ಸಾಮಾನ್ಯವಾದ ಬೆಳಕಿನಲ್ಲಿ, ೧೫ ಮೀಟರ್ ದೂರದಲ್ಲಿರುವ ಚಾಲಕನು ಎತ್ತ ನೋಡುತ್ತಿದ್ದಾನೆಂಬುದು ನೂರಕ್ಕೆ ೯೦ಕ್ಕಿಂತ ಹೆಚ್ಚು ಮಂದಿಗೆ ತಿಳಿಯಲಿಲ್ಲ. ೩೦ ಮೀಟರ್ ದೂರದಲ್ಲಿ ಚಾಲಕನೇ ಕಾಣಲಿಲ್ಲ. ಗಾಜಿನ ಮೇಲೆ ಆಕಾಶದ ಪ್ರತಿಬಿಂಬ ಬಿದ್ದಿರುತ್ತದೆ. ಒಳಗೆ ಕತ್ತಲೆ ಕವಿದಿರುತ್ತದೆ. ದಾಟುವ ನಿರ್ಧಾರವನ್ನು ನಾವು ಕೈಗೊಳ್ಳುವುದು ಬಹುಮಟ್ಟಿಗೆ ಆ ದೂರದಲ್ಲಿಯೇ.

ಯುರೋಪಿನಲ್ಲಿ ಲೀಡ್ಸ್, ಮ್ಯೂನಿಕ್, ಅಥೆನ್ಸ್ ನಗರಗಳ ಬೀದಿಗಳಲ್ಲಿ ನಿಂತು ನೋಡಿದ ಸಂಶೋಧಕರೂ ಇಂತಹುದೇ ತೀರ್ಮಾನಕ್ಕೆ ಬಂದರು. ೨೦೨೧ರಲ್ಲಿ ಪ್ರಕಟವಾದ ಅವರ ವರದಿಯಂತೆ, ಕೈಸನ್ನೆ, ದೀಪ, ಹಾರನ್ನುಗಳಂತಹ ಪ್ರಕಟ ಸಂಕೇತಗಳ ಬಳಕೆ ತೀರ ಅಪರೂಪ. ವಾಹನ ನಿಧಾನವಾಯಿತೆ, ಇಲ್ಲವೆ? ಜನರು ನೋಡುವುದು ಮುಖ್ಯವಾಗಿ ಇದನ್ನೇ.

ಕಣ್ಣಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಚಾಲಕನನ್ನು ನೇರವಾಗಿ ದಿಟ್ಟಿಸುವ ಪಾದಚಾರಿಗೆ ವಾಹನಗಳು ಹೆಚ್ಚಾಗಿ ನಿಲ್ಲುತ್ತವೆಂದು ಫ್ರಾನ್ಸಿನಲ್ಲಿ ನಡೆದ ಪ್ರಯೋಗವೊಂದು ೨೦೧೫ರಲ್ಲಿ ತೋರಿಸಿತು. ಆದುದರಿಂದ ದಾರಿಹೋಕನ ನೋಟ ಎತ್ತ ತಿರುಗಿದೆ, ಅವನ ಮೈ ಯಾವ ಕಡೆ ಬಾಗಿದೆ, ಕೈ ಏನನ್ನು ಹೇಳುತ್ತಿದೆ ಎಂಬುದನ್ನು ಓದುವ ಹೊಣೆ ಯಂತ್ರಕ್ಕೆ ಉಳಿದೇ ಇದೆ.

ನಡಿಗೆಯೇ ನುಡಿ

ಬರಿದಾದ ಆಸನವನ್ನು ಕಂಡ ಜನರು ಹೇಗೆ ವರ್ತಿಸುವರೆಂದು ತಿಳಿಯಲು ವಿದ್ವಾಂಸರು ಹೂಡಿದ ಉಪಾಯವೊಂದು ಸ್ವಾರಸ್ಯವಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಾಲಕನೊಬ್ಬನಿಗೆ ಕಾರಿನ ಆಸನದಂತಹ ಉಡುಪನ್ನೇ ತೊಡಿಸಿ ಕೂರಿಸಿದರು. ಹೊರಗಿನಿಂದ ನೋಡಿದವರಿಗೆ ಆಸನ ಮಾತ್ರ ಕಾಣುತ್ತಿತ್ತು. ಕಾರು ತಾನಾಗಿ ಓಡುತ್ತಿರುವಂತೆ ತೋರುತ್ತಿತ್ತು. ೨೦೧೬ರಲ್ಲಿ ಪ್ರಕಟವಾದ ಈ ಪ್ರಯೋಗದ ಫಲ ಅನಿರೀಕ್ಷಿತವಾಗಿತ್ತು. ಅಚ್ಚರಿಗೊಂಡರೂ ಜನರು ಎಂದಿನಂತೆ ರಸ್ತೆಯನ್ನು ದಾಟಿದರು. ಅವರು ಗೊಂದಲಕ್ಕೆ ಬಿದ್ದದ್ದು ಕಾರು ಒಮ್ಮೆ ನಿಂತು ಮತ್ತೆ ಅಕಾರಣವಾಗಿ ಮುಂದಕ್ಕೆ ಸರಿದಾಗ. ಹಾಗಾದರೆ ಅವರು ಓದುತ್ತಿದ್ದುದು ಚಾಲಕನ ಮುಖವನ್ನಲ್ಲ, ವಾಹನದ ನಡಿಗೆಯನ್ನು.

ಈ ನಡಿಗೆಯ ಭಾಷೆಯನ್ನು ಒಂದು ಲೆಕ್ಕದಿಂದ ವಿಶದಪಡಿಸಬಹುದು. ಗಂಟೆಗೆ ೫೦ ಕಿಲೊಮೀಟರ್ ವೇಗದಲ್ಲಿರುವ ವಾಹನ ಸೆಕೆಂಡಿಗೆ ಸುಮಾರು ೧೪ ಮೀಟರ್ ಮುಂದೆ ಸಾಗುತ್ತಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೆ ಅದರ ವೇಗ ಪ್ರತಿ ಸೆಕೆಂಡಿಗೆ ೭ ಮೀಟರಿನಂತೆ ತಗ್ಗಿ, ಎರಡೇ ಸೆಕೆಂಡುಗಳಲ್ಲಿ, ೧೪ ಮೀಟರಿನೊಳಗೆ ನಿಂತುಬಿಡುತ್ತದೆ. ಯಂತ್ರಕ್ಕೆ ಈ ಲೆಕ್ಕ ಗೊತ್ತು. ಅದಕ್ಕೆ ಮನುಷ್ಯನಂತೆ ಒಂದು ಸೆಕೆಂಡು ತಡವರಿಸುವ ದೋಷವೂ ಇಲ್ಲ. ಆದುದರಿಂದ ೨೦ ಮೀಟರ್ ದೂರದವರೆಗೂ ಪೂರ್ಣವೇಗದಲ್ಲಿ ಬಂದು ಥಟ್ಟನೆ ನಿಂತರೂ ಗಣಿತದ ದೃಷ್ಟಿಯಿಂದ ಅದರದು ತಪ್ಪಲ್ಲ. ಆದರೆ ಎದುರಿಗಿರುವ ವೃದ್ಧೆಗೆ ಈ ಗಣಿತ ತಿಳಿಯದು. ಅಷ್ಟು ಹತ್ತಿರ ಬಂದರೂ ನಿಧಾನವಾಗದ ಗಾಡಿ ನಿಲ್ಲುವುದಿಲ್ಲವೆಂದೇ ಆಕೆಯ ಜೀವಮಾನದ ಅನುಭವ ಹೇಳುತ್ತದೆ. ಆಕೆ ಬೆದರಿ ಹಿಂದೆ ಸರಿಯಬಹುದು. ಹಿಂದೆ ಸರಿಯುವಾಗ ಎಡವಲೂಬಹುದು.

ಅದೇ ವಾಹನ ವೇಗವನ್ನು ಪ್ರತಿ ಸೆಕೆಂಡಿಗೆ ೨ ಮೀಟರಿನಂತೆ ಮೆಲ್ಲಗೆ ತಗ್ಗಿಸುವುದಾದರೆ ಸುಮಾರು ೪೮ ಮೀಟರ್ ಮೊದಲೇ ಆರಂಭಿಸಬೇಕು. ನಿಲ್ಲಲು ೭ ಸೆಕೆಂಡು ಹಿಡಿಯುತ್ತದೆ. ಈ ೭ ಸೆಕೆಂಡುಗಳೂ ದಾರಿಹೋಕನಿಗೆ ದೊರೆಯುವ ಉತ್ತರವೇ. ವಾಹನದ ಮೂತಿ ತುಸು ತಗ್ಗುವುದು, ಸದ್ದು ಇಳಿಯುವುದು, ದಾಟುದಾರಿಗಿಂತ ನಾಲ್ಕು ಮಾರು ಹಿಂದೆಯೇ ಗಾಲಿಗಳು ನಿಲ್ಲುವುದು, ಇವು ಯಾವ ದೇಶದವರಿಗಾದರೂ ಅರ್ಥವಾಗುವ ನುಡಿ. ಇದಕ್ಕೆ ಅಕ್ಷರಜ್ಞಾನ ಬೇಡ. ಸ್ವಲ್ಪ ಮುಂಚಿತವಾಗಿ, ತುಸು ಅತಿಯೆನಿಸುವಷ್ಟು ಸ್ಪಷ್ಟವಾಗಿ ವೇಗ ತಗ್ಗಿಸುವುದೇ ಯಂತ್ರವು ಆಡಬಹುದಾದ ಅತ್ಯಂತ ಪ್ರಾಮಾಣಿಕವಾದ ಮಾತೆನ್ನಬಹುದು. ಏಕೆಂದರೆ ಇಲ್ಲಿ ಮಾತೂ ಕೃತಿಯೂ ಒಂದೇ.

ನಗುವ ಕಾರು, ನೋಡುವ ಕಾರು

ಆದರೂ ಕಾರುಗಳನ್ನು ತಯಾರಿಸುವವರು ಇಷ್ಟಕ್ಕೇ ತೃಪ್ತರಾಗಲಿಲ್ಲ. ೨೦೧೫ರ ಜನವರಿಯಲ್ಲಿ ಮರ್ಸಿಡಿಸ್-ಬೆಂಜ್ ಸಂಸ್ಥೆ ತನ್ನ ಮಾದರಿ ಕಾರೊಂದನ್ನು ಪ್ರದರ್ಶಿಸಿತು. ಅದು ಪಾದಚಾರಿಯ ಮುಂದೆ ನಿಂತು, ಲೇಸರ್ ಬೆಳಕಿನಿಂದ ರಸ್ತೆಯ ಮೇಲೆಯೇ ಪಟ್ಟೆಪಟ್ಟೆಯ ದಾಟುದಾರಿಯನ್ನು ಹಾಸುತ್ತಿತ್ತು. ಅದೇ ವರ್ಷ ಜಪಾನಿನ ನಿಸ್ಸಾನ್ ಸಂಸ್ಥೆಯ ಮಾದರಿ ಕಾರು 'ಮೊದಲು ನೀವು' ಎಂಬರ್ಥದ ಮಾತನ್ನು ಗಾಜಿನ ಬಳಿ ಬೆಳಗಿಸಿ ತೋರಿಸಿತು. ೨೦೧೬ರಲ್ಲಿ ಸ್ವೀಡನ್ನಿನ ಸೆಮ್ಕಾನ್ ಸಂಸ್ಥೆ ಕಾರಿನ ಮುಂಭಾಗದಲ್ಲಿ ಮುಗುಳುನಗೆಯನ್ನೇ ಮೂಡಿಸಿತು: ದಾರಿಹೋಕನನ್ನು ಕಂಡೊಡನೆ ನೇರವಾದ ಬೆಳಕಿನ ಗೆರೆ ನಗುವ ತುಟಿಯಂತೆ ಬಾಗುತ್ತಿತ್ತು. ೨೦೧೭ರಲ್ಲಿ ಫೋರ್ಡ್ ಸಂಸ್ಥೆಯೂ ವರ್ಜೀನಿಯ ಟೆಕ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾಲಯವೂ ಸೇರಿ, ಮತ್ತೆ ಅದೇ ಆಸನದ ವೇಷವನ್ನು ಬಳಸಿ, ಗಾಜಿನ ಮೇಲಂಚಿನ ಬಿಳಿ ದೀಪಗಳ ಚಲನೆಯಿಂದ 'ದಾರಿ ಬಿಡುತ್ತಿದ್ದೇನೆ', 'ಹೊರಡುತ್ತಿದ್ದೇನೆ' ಎಂಬ ಸಂದೇಶಗಳನ್ನು ಆರ್ಲಿಂಗ್ಟನ್ ಪಟ್ಟಣದ ಬೀದಿಗಳಲ್ಲಿ ಪರೀಕ್ಷಿಸಿದುವು. ೨೦೧೮ರಲ್ಲಿ ಟೆಕ್ಸಸ್ ಸಂಸ್ಥಾನದ ಫ್ರಿಸ್ಕೊ ಪಟ್ಟಣದಲ್ಲಿ ಓಡಿದ ಕಿತ್ತಳೆಬಣ್ಣದ ವ್ಯಾನುಗಳು ಮೈಮೇಲಿನ ಫಲಕಗಳಲ್ಲಿ ಇಂತಹ ಸಂದೇಶಗಳನ್ನು ಅಕ್ಷರಗಳಲ್ಲಿಯೇ ಬರೆದು ತೋರಿಸಿದುವು.

ಕಾರಿಗೆ ಕಣ್ಣುಗಳನ್ನೇ ಇಟ್ಟು ನೋಡಿದವರೂ ಉಂಟು. ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರ್ ಸಂಸ್ಥೆ ೨೦೧೮ರಲ್ಲಿ ದೊಡ್ಡ ಗುಂಡುಗಣ್ಣುಗಳ ಪುಟ್ಟ ಬಂಡಿಗಳನ್ನು ಪರೀಕ್ಷಿಸಿತು. ೨೦೨೨ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣ ವಿದ್ಯುದ್ಬಂಡಿಯೊಂದಕ್ಕೆ ತಿರುಗುವ ಎರಡು ಕಣ್ಣುಗಳನ್ನು ಜೋಡಿಸಿ, ೧೮ ಮಂದಿಗೆ ಕೃತಕ ದೃಶ್ಯಗಳ ಮೂಲಕ ತೋರಿಸಿದರು. ಕಣ್ಣು ತಮ್ಮತ್ತ ತಿರುಗಿದೆಯೆ ಇಲ್ಲವೆ ಎಂಬುದು ತಿಳಿದಾಗ ಅವರ ತೀರ್ಮಾನಗಳು ಉತ್ತಮಗೊಂಡುವು. ಗಂಡಸರು ದಾಟಬಾರದ ವೇಳೆಯಲ್ಲಿ ನುಗ್ಗುವುದು ಕಡಿಮೆಯಾಯಿತು. ಹೆಂಗಸರು ದಾಟಬಹುದಾದ ವೇಳೆಯಲ್ಲಿ ಹಿಂಜರಿಯುವುದು ಕಡಿಮೆಯಾಯಿತು. ಇದೊಂದು ಸಣ್ಣ ಪ್ರಯೋಗವೇ ಆದರೂ, ಯಂತ್ರದ ಗಮನ ತನ್ನ ಮೇಲಿದೆಯೆಂಬ ಭರವಸೆಗೆ ಮನುಷ್ಯನು ಎಷ್ಟು ಬೆಲೆ ಕೊಡುವನೆಂಬುದನ್ನು ಅದು ತೋರುತ್ತದೆ.

ವಾಹನವನ್ನು ನಡೆಸುತ್ತಿರುವುದು ಯಂತ್ರವೆಂದು ಸಾರುವುದಕ್ಕೆ ಪ್ರತ್ಯೇಕವಾದ ಬಣ್ಣವೊಂದನ್ನೂ ಆರಿಸಲಾಗಿದೆ. ಕೆಂಪು, ಹಳದಿ, ಹಸಿರು, ನೀಲಿ ಬಣ್ಣಗಳಿಗೆ ರಸ್ತೆಯಲ್ಲಿ ಈಗಾಗಲೇ ಬೇರೆ ಬೇರೆ ಅರ್ಥಗಳಿವೆ. ಆದುದರಿಂದ ಹಸಿರು ಬೆರೆತ ತಿಳಿನೀಲಿಯೇ ತಕ್ಕುದೆಂದು ಅಮೆರಿಕದ ವಾಹನ ಇಂಜಿನಿಯರರ ಸಂಘ ಸೂಚಿಸಿತು. ೨೦೨೩ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯ, ನೆವಾಡಾ ಸಂಸ್ಥಾನಗಳು ಮರ್ಸಿಡಿಸ್-ಬೆಂಜ್ ಸಂಸ್ಥೆಗೆ ಈ ಬಣ್ಣದ ದೀಪಗಳನ್ನು ಬಳಸಲು ಅನುಮತಿಯನ್ನು ಕೊಟ್ಟುವು.

ಮಾತಿನ ತೊಡಕುಗಳು

ಇಷ್ಟೊಂದು ಜಾಣ್ಮೆಯಿಂದ ರೂಪಿಸಿದ ಸಂಕೇತಗಳಲ್ಲಿ ಹಲವು ತೊಡಕುಗಳೂ ಅಡಗಿವೆ. ಮೊದಲನೆಯದು, ಒಬ್ಬೊಬ್ಬ ತಯಾರಕನದೂ ಒಂದೊಂದು ಭಾಷೆ. ಒಂದು ಕಾರಿನ ಓಡಾಡುವ ದೀಪ 'ನಿಲ್ಲುತ್ತೇನೆ' ಎಂದರೆ ಇನ್ನೊಂದರ ಓಡಾಡುವ ದೀಪ 'ಹೊರಟೆ' ಎನ್ನಬಹುದು. ನಿಘಂಟನ್ನು ಕೈಯಲ್ಲಿ ಹಿಡಿದು ಯಾರೂ ರಸ್ತೆಯನ್ನು ದಾಟಲಾರರು. ಅಕ್ಷರದ ಸಂದೇಶವಾದರೆ ಮಗುವಿಗೂ ಓದುಬಾರದವನಿಗೂ ಪರಭಾಷೆಯವನಿಗೂ ನಿರುಪಯುಕ್ತ.

ಎರಡನೆಯದು, ಸಂದೇಶ ಯಾರಿಗೆ ಎಂಬ ಪ್ರಶ್ನೆ. ರಸ್ತೆಯ ಆ ಬದಿಯಲ್ಲಿ ಒಬ್ಬನು, ಈ ಬದಿಯಲ್ಲಿ ಮೂವರು, ನಡುವೆ ಸೈಕಲ್ಲಿನವನೊಬ್ಬನು ಇರುವಾಗ 'ಮೊದಲು ನೀವು' ಎಂಬ ಮಾತು ಯಾರನ್ನು ಕುರಿತದ್ದು? ಕೈಸನ್ನೆಗೆ ದಿಕ್ಕುಂಟು, ದೀಪದ ಬೆಳಕು ಎಲ್ಲರಿಗೂ ಒಂದೇ.

ಮೂರನೆಯ ತೊಡಕು ಇನ್ನೂ ಗಂಭೀರವಾದುದು. ಕಾರು 'ನೀವು ದಾಟಿರಿ' ಎಂದು ಹೇಳಿತೆನ್ನೋಣ. ಅದು ತಾನು ನಿಂತಿರುವುದನ್ನು ಬಲ್ಲದು. ಆದರೆ ಪಕ್ಕದ ಸಾಲಿನಲ್ಲಿ ಬರುತ್ತಿರುವ ಲಾರಿಯೂ ನಿಲ್ಲುವುದೆಂದು ಅದು ಬಲ್ಲುದೆ? ಕಾರಿನ ಮಾತನ್ನು ನಂಬಿ ಹೆಜ್ಜೆಯಿಟ್ಟವನು ಲಾರಿಗೆ ಸಿಲುಕಿದರೆ ಹೊಣೆ ಯಾರದು? ಬೆಳಕಿನ ಸಂಕೇತವನ್ನು ಕೆಲವು ಸಲ ಕಂಡು ಅಭ್ಯಾಸವಾದವರು ಸುತ್ತಮುತ್ತ ನೋಡುವುದನ್ನೇ ಬಿಟ್ಟು ಅದೊಂದನ್ನೇ ನೆಚ್ಚಿಬಿಡುವ ಅಪಾಯವನ್ನು ಪ್ರಯೋಗಗಳು ತೋರಿಸಿವೆ. ಆದಕಾರಣ ಈ ವಿಷಯದಲ್ಲಿ ದುಡಿಯುತ್ತಿರುವ ಅನೇಕ ತಜ್ಞರ ಅಭಿಪ್ರಾಯವೇನೆಂದರೆ, ಯಂತ್ರವು ತನ್ನ ಸ್ಥಿತಿಯನ್ನಷ್ಟೇ ಹೇಳತಕ್ಕದ್ದು. ದಾರಿಹೋಕನಿಗೆ ಅಪ್ಪಣೆ ಕೊಡಕೂಡದು. 'ನಾನು ನಿಂತಿದ್ದೇನೆ' ಎನ್ನಬಹುದು. 'ನೀನು ಹೋಗು' ಎನ್ನಬಾರದು. ವೇಮೊ ಕಾರುಗಳು ತಲೆಯ ಮೇಲಿನ ಗುಮ್ಮಟದಲ್ಲಿ ನಡೆಯುವ ಮನುಷ್ಯನ ಚಿತ್ರವನ್ನು ಬೆಳಗಿಸಿ, ಮುಂದೆ ಯಾರೋ ದಾಟುತ್ತಿರುವರೆಂದು ಹಿಂದಿನ ವಾಹನಗಳಿಗೆ ತಿಳಿಸುವುದು ಈ ದೃಷ್ಟಿಯಿಂದ ವಿವೇಕದ ಕ್ರಮವಾಗಿದೆ. ಅಲ್ಲಿ ಎಚ್ಚರಿಕೆ ಹೋಗುವುದು ಅಪಾಯವನ್ನು ತರಬಲ್ಲ ವಾಹನಕ್ಕೆ.

ನಾಲ್ಕನೆಯದು, ಕಣ್ಣಿಲ್ಲದವರ ಸಮಸ್ಯೆ. ಬೆಳಕಿನ ಸಂಕೇತಗಳಾವುವೂ ಅವರಿಗೆ ಒದಗವು. ವಿದ್ಯುತ್ತಿನಿಂದ ಓಡುವ ಕಾರು ಮೆಲ್ಲಗೆ ಬರುವಾಗ ಸದ್ದೂ ಕೇಳದು. ಅಮೆರಿಕದ ಅಂಧರ ಸಂಘಟನೆಗಳು ಈ ಬಗ್ಗೆ ದನಿಯೆತ್ತಿದುದರ ಫಲವಾಗಿ ೨೦೧೦ರಲ್ಲಿ ಆ ದೇಶದಲ್ಲಿ ಕಾಯಿದೆಯೊಂದು ಆಯಿತು. ಯುರೋಪಿನ ಒಕ್ಕೂಟದಲ್ಲಿ ೨೦೨೧ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ವಿದ್ಯುತ್ ಕಾರುಗಳೂ ಗಂಟೆಗೆ ೨೦ ಕಿಲೊಮೀಟರ್ ವೇಗದವರೆಗೆ ಕೃತಕವಾದ ಸದ್ದನ್ನು ಹೊರಡಿಸಲೇಬೇಕು. ಅದಕ್ಕಿಂತ ವೇಗ ಹೆಚ್ಚಿದಾಗ ಟೈರುಗಳ ಸದ್ದೇ ಸಾಕಾಗುತ್ತದೆ. ವೇಗ ಏರಿದಂತೆ ಈ ಸದ್ದಿನ ಸ್ಥಾಯಿಯೂ ಏರುವುದರಿಂದ, ವಾಹನ ಹತ್ತಿರ ಬರುತ್ತಿದೆಯೆಂಬುದಷ್ಟೇ ಅಲ್ಲ, ನಿಧಾನವಾಗುತ್ತಿದೆಯೆ ಎಂಬುದೂ ಕಿವಿಗೆ ತಿಳಿಯುತ್ತದೆ.

ಬೀದಿ ಯಾರದು?

ಯಂತ್ರಕ್ಕೆ ಮಾತು ಬಂದ ಬಳಿಕ ಇನ್ನೊಂದು ಪ್ರಶ್ನೆ ಏಳುತ್ತದೆ. ಚಾಲಕರಹಿತ ಕಾರು ಎದುರಿಗೆ ಯಾರು ಬಂದರೂ ನಿಲ್ಲುವುದೆಂದು ಜನರಿಗೆ ಖಚಿತವಾದರೆ ಅವರು ಅದನ್ನು ಲಕ್ಷಿಸದೆ ರಸ್ತೆಗಿಳಿಯಲಾರರೆ? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆಡಮ್ ಮಿಲ್ಲರ್ಡ್-ಬಾಲ್ ಎಂಬ ವಿದ್ವಾಂಸರು ಇದನ್ನು ಆಟಗಳ ಗಣಿತದಿಂದ ವಿಶ್ಲೇಷಿಸಿ ೨೦೧೮ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಮನುಷ್ಯನಾದ ಚಾಲಕನು ಮೈಮರೆತಿರಬಹುದು, ಕೆರಳಿರಬಹುದು ಎಂಬ ಭಯವೇ ಇಂದು ದಾರಿಹೋಕನನ್ನು ಅಂಚಿನಲ್ಲಿ ನಿಲ್ಲಿಸಿದೆ. ಆ ಭಯ ಹೋದರೆ ಪೇಟೆಯ ಬೀದಿ ಮತ್ತೆ ನಡೆಯುವವನ ಸ್ವತ್ತಾಗಬಹುದು. ಕಾರುಗಳು ಹೆಜ್ಜೆಹೆಜ್ಜೆಗೂ ನಿಂತು ಬಸವಳಿಯಬಹುದು. ಆಗ ಕಾರಿನ ಒಡೆಯರು ಸುಮ್ಮನಿರುವರೆ? ರಸ್ತೆಗೆ ಬೇಲಿ ಹಾಕಿರಿ, ದಾಟುವವನಿಗೆ ದಂಡ ವಿಧಿಸಿರಿ ಎನ್ನಲಾರರೆ?

ಇದು ಬರಿಯ ಊಹೆಯಲ್ಲ, ಹಿಂದೊಮ್ಮೆ ನಡೆದದ್ದೇ. ೧೯೨೫ರಲ್ಲಿ ಲಾಸ್ ಏಂಜಲಿಸ್ ನಗರವು ಗೊತ್ತಾದ ಸ್ಥಳಗಳನ್ನು ಬಿಟ್ಟು ಬೇರೆಡೆ ರಸ್ತೆ ದಾಟುವುದನ್ನು ಅಪರಾಧವೆಂದು ಸಾರಿತು. ಆ ಬಗೆಯ ಕಟ್ಟ��ೆ ದೇಶದ ಉದ್ದಗಲಕ್ಕೂ ಹಬ್ಬಿತು. ಅಲ್ಲಿಯವರೆಗೆ ಎಲ್ಲರದಾಗಿದ್ದ ಬೀದಿ ಮೋಟಾರಿನದಾಯಿತು. ಸುಮಾರು ಒಂದು ಶತಮಾನ ಕಳೆದ ಮೇಲೆ, ೨೦೨೩ರ ಜನವರಿ ೧ರಿಂದ, ಕ್ಯಾಲಿಫೋರ್ನಿಯ ಸಂಸ್ಥಾನ ಆ ಕಟ್ಟಳೆಯನ್ನು ಸಡಿಲಿಸಿ, ಅಪಾಯವಿಲ್ಲದಾಗ ಎಲ್ಲಿ ದಾಟಿದರೂ ದಂಡವಿಲ್ಲವೆಂದಿತು. ಟೆಂಪಿಯ ಯಂತ್ರವು ದಾಟುದಾರಿಯ ಹೊರಗೆ ಪಾದಚಾರಿಯನ್ನು ನಿರೀಕ್ಷಿಸದಿದ್ದುದಕ್ಕೂ ಬೀದಿ ವಾಹನದ್ದೆಂಬ ಈ ಹಳೆಯ ಭಾವನೆಗೂ ಸಂಬಂಧವಿಲ್ಲವೆನ್ನಲಾದೀತೆ?

ನಮ್ಮ ಬೀದಿಗಳಲ್ಲಿ

ನಮ್ಮ ದೇಶದ ರಸ್ತೆಗಳಲ್ಲಿ ಚಾಲಕರಹಿತ ಬಾಡಿಗೆ ಕಾರುಗಳು ಇನ್ನೂ ಓಡುತ್ತಿಲ್ಲ. ಲಕ್ಷಾಂತರ ಚಾಲಕರ ಉದ್ಯೋಗ ಹೋಗುವುದೆಂಬ ಕಾರಣವನ್ನು ಮುಂದಿಟ್ಟು, ತಾವಿರುವವರೆಗೆ ಅವನ್ನು ಬರಗೊಡುವುದಿಲ್ಲವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವರಾದ ನಿತಿನ್ ಗಡ್ಕರಿಯವರು ೨೦೨೩ರ ಡಿಸೆಂಬರಿನಲ್ಲಿ ಹೇಳಿದ್ದರು. ಆದರೂ ವಿಷಯ ನಮಗೆ ದೂರದ್ದಲ್ಲ. ಕೇಂದ್ರ ಸರ್ಕಾರದ ವರದಿಯಂತೆ ೨೦೨೨ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಅವರಲ್ಲಿ ೩೨,೮೨೫ ಮಂದಿ, ಎಂದರೆ ಸುಮಾರು ಐವರಲ್ಲಿ ಒಬ್ಬರು, ಕಾಲ್ನಡಿಗೆಯಲ್ಲಿ ಹೋಗುತ್ತಿದ್ದವರು. ಕಣ್ಣು ಕೈಗಳುಳ್ಳ ಚಾಲಕರೇ ಇರುವ ರಸ್ತೆಗಳ ಸ್ಥಿತಿ ಇದು.

ನಮ್ಮ ಬೀದಿಗಳನ್ನು ಯಂತ್ರಗಳಿಗೆ ಪರಿಚಯಿಸುವ ಕೆಲಸವೂ ಆರಂಭವಾಗಿದೆ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ೨೦೧೮ರಲ್ಲಿ ಹೈದರಾಬಾದು ಮತ್ತು ಬೆಂಗಳೂರುಗಳ ಒಳಗೂ ಹೊರವಲಯದಲ್ಲೂ ಸೆರೆಹಿಡಿದ ಸುಮಾರು ೧೦,೦೦೦ ಚಿತ್ರಗಳ ಸಂಗ್ರಹವೊಂದನ್ನು ಸಿದ್ಧಪಡಿಸಿತು. ಪ್ರತಿಯೊಂದು ಚಿತ್ರದಲ್ಲಿಯೂ ಯಾವುದು ರಸ್ತೆ, ಯಾವುದು ಆಟೊರಿಕ್ಷಾ, ಯಾವುದು ಪ್ರಾಣಿ, ಯಾರು ಮನುಷ್ಯ ಎಂಬುದನ್ನು ೩೪ ವರ್ಗಗಳಾಗಿ ಗುರುತಿಸಲಾಗಿದೆ. ಪಾಶ್ಚಾತ್ಯ ನಗರಗಳ ಚಿತ್ರಗಳಿಂದ ಕಲಿತ ಯಂತ್ರಕ್ಕೆ ರಸ್ತೆಯ ಅಂಚೆಂದರೆ ಸ್ಪಷ್ಟವಾದ ಕಲ್ಲಿನ ಗೆರೆ. ನಮ್ಮಲ್ಲಿ ಟಾರು ಮುಗಿದು ಮಣ್ಣು ಆರಂಭವಾಗುವೆಡೆಯಲ್ಲಿ ನಡೆಯುವವರು, ಮಾರುವವರು, ಗಾಡಿ ನಿಲ್ಲಿಸುವವರು ಎಲ್ಲರೂ ಇರುತ್ತಾರೆ. ಇಲ್ಲಿಯ ದಾರಿಹೋಕನು ಪೂರ್ಣವಾದ ತೆರಪಿಗಾಗಿ ಕಾಯುವುದೂ ಇಲ್ಲ. ಒಂದು ಸಾಲನ್ನು ದಾಟಿ, ನಡುರಸ್ತೆಯಲ್ಲಿ ನಿಂತು, ಅಂಗೈ ತೋರಿ, ಮುಂದಿನ ಸಾಲಿನವನೊಡನೆ ಹೊಸ ಒಪ್ಪಂದವನ್ನು ಮಾಡಿಕೊಳ್ಳುತ್ತಾನೆ. ಆ ಎತ್ತಿದ ಅಂಗೈಯ ಅರ್ಥವನ್ನು ಕಲಿಯದ ಯಂತ್ರ ಇಲ್ಲಿ ಒಂದು ದಿನವೂ ಓಡಲಾರದು.

ಇದುವರೆಗಿನ ಪ್ರಯೋಗಗಳಿಂದ ತಿಳಿದುಬಂದುದನ್ನು ಹೀಗೆ ಸಂಗ್ರಹಿಸಬಹುದು. ಯಂತ್ರವು ಮೊದಲು ಮನುಷ್ಯನನ್ನು ತಪ್ಪದೆ ಗುರುತಿಸಬೇಕು, ಅವನು ಎಲ್ಲಿಯೇ ದಾಟುತ್ತಿರಲಿ. ಬಳಿಕ ತನ್ನ ನಡಿಗೆಯಿಂದಲೇ, ಸಾಕಷ್ಟು ಮುಂಚಿತವಾಗಿ, ತನ್ನ ನಿರ್ಧಾರವನ್ನು ತಿಳಿಸಬೇಕು. ದೀಪವೂ ಸದ್ದೂ ಆ ನಡಿಗೆಯನ್ನು ಸಮರ್ಥಿಸಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು; ಅವು ಎಲ್ಲ ತಯಾರಕರಿಗೂ ಒಂದೇ ಆಗಿರಬೇಕು. ೧೮೬೫ರ ಕಾಯಿದೆ ಎಷ್ಟೇ ಒರಟಾಗಿದ್ದರೂ, ಬಾವುಟವನ್ನು ಹಿಡಿಯುವ ಹೊರೆಯನ್ನು ಗಾಡಿಯ ಕಡೆಯವರ ಮೇಲೆ ಹೊರಿಸಿತ್ತು, ದಾರಿಹೋಕನ ಮೇಲೆ ಅಲ್ಲ. ಆ ನ್ಯಾಯವನ್ನು ಇಂದಿನ ಯಂತ್ರಗಳೂ ಪಾಲಿಸಬೇಕಾದುದು ಯುಕ್ತ. ಬೀದಿಯಲ್ಲಿ ನಡೆಯುವುದಕ್ಕೆ ಮನುಷ್ಯನು ಹೊಸದೊಂದು ಭಾಷೆಯನ್ನು ಕಲಿಯಬೇಕಾಗಿ ಬಂದರೆ, ಅದನ್ನು ಮೊದಲು ಕಲಿಯಲಾರದವರು ಮಕ್ಕಳು, ವೃದ್ಧರು ಮತ್ತು ಅಂಧರು. ಅವರಿಗೆ ಅರ್ಥವಾಗುವಂತೆ ನಿಲ್ಲಬಲ್ಲ ವಾಹನವು ಉಳಿದೆಲ್ಲರಿಗೂ ಅರ್ಥವಾದೀತು.